ತಪ್ಪು ಮುಹೂರ್ತದ ಹಿಂಬದಿ

ಪ್ರೆಸ್ಸಿನಲ್ಲಿ ಕೆಟ್ಟುಹೋದ ಲಗ್ನಪತ್ರಿಕೆಯೊಂದನ್ನು
ಜೇಬಿಗಿಳಿಸಿ ತಂದಿದ್ದೆ.
ಮುಂದೆ ಗಣಪತಿ, ಅರಿಶಿನದ ಅಂಚು, ತಪ್ಪು ಬಿದ್ದ ಮುಹೂರ್ತ.
ಹಿಂದೆ ನನ್ನ ಕೋಳಿಕಾಲು ಅಕ್ಷರ:
ಜಬಲ ಆರು. ಟೋಪಿ ಎರಡು. ಕಾಲ್ಚೀಲ.
ಸೊಳ್ಳೆಪರದೆ. ರಬ್ಬರ್ ಶೀಟು ಒಂದೂವರೆ ಮೀಟರು.
ತೊಟ್ಟಿಲು ಎಂದು ಬರೆದು
ಪಕ್ಕದಲ್ಲೊಂದು ಪ್ರಶ್ನೆಚಿಹ್ನೆ.

ಗುಲಾಬಿ ಓದಿದಳು, ಪೆನ್ನು ಕಿತ್ತುಕೊಂಡಳು.
"ಕಾಲ್ಚೀಲ ಯಾಕೆ, ನಡ್ಕೊಂಡು ಎಲ್ಲಿಗೆ ಹೋಗತ್ತೆ?"
ಒಂದು ಗೀಟು.

ಗಾಂಧಿ ಬಜಾರಿನಲ್ಲಿ
ಬಸುರಿ ಅಂಗಡಿ ಮೆಟ್ಟಿಲು ಹತ್ತಿದರೆ
ದರವೂ ಜೊತೆಗೇ ಹತ್ತುತ್ತದೆ.
ಮಾರನೇ ದಿನ ನಾನೊಬ್ಬನೇ ಹೋದೆ, ಮುಖ ಸಪ್ಪೆ ಮಾಡಿಕೊಂಡು.
"ಅಕ್ಕನ ಮಗೂಗೆ ಸ್ವಾಮಿ, ನಮ್ಮ ಭಾವ ಮಹಾ ಜುಗ್ಗ."
ಅದೇ ಸೊಳ್ಳೆಪರದೆ ನಲವತ್ತು ರೂಪಾಯಿ ಕೆಳಗಿಳಿಯಿತು.
ನನಗೆ ಅಕ್ಕನೂ ಇಲ್ಲ, ಭಾವನೂ ಇಲ್ಲ.

ಡೈಪರಿನ ಲೆಕ್ಕ ಅವಳದು.
ಒಂದಕ್ಕೆ ಹನ್ನೊಂದು, ದಿನಕ್ಕೆ ಎಂಟು,
ಬೆರಳು ಮಡಚಿ ಮಡಚಿ ಕಡೆಗೆ ನಕ್ಕೇಬಿಟ್ಟಳು:
"ನಮ್ಮಿಬ್ಬರ ಊಟಕ್ಕಿಂತ ಅದರ ಉಚ್ಚೆ ತುಟ್ಟಿ ಕಣ್ರೀ."
ಆ ರಾತ್ರಿಯೇ ನನ್ನ ಮದುವೆಯ ಪಂಚೆ
ಚರ್‍ರೆಂದು ಹರಿದು ಹದಿನಾರು ಲಂಗೋಟಿಯಾಯಿತು.
ಜರಿಯಂಚು ಚುಚ್ಚೀತೆಂದು ಬಿಡಿಸಿ
ಸುತ್ತಿ ಸೂಜಿಡಬ್ಬಿಯಲ್ಲಿಟ್ಟಳು.
ಯಾಕೆ ಅಂತ ನಾನು ಕೇಳಲಿಲ್ಲ.

ಹಿಂದೆ ನಮ್ಮಲ್ಲಿ ಬೈಂಡಿಂಗಿಗೆ ಬರುತ್ತಿದ್ದ ಜೈಬುನ್ನೀಸಾ ಆಪಾ
ಹೊಳೆಯಾಚೆ ವಿದ್ಯಾನಗರದಲ್ಲಿ.
ಅವರ ಅಟ್ಟದ ಮೇಲೆ ಬೆತ್ತದ ತೊಟ್ಟಿಲು,
ನಾಲ್ಕು ಮಕ್ಕಳು ಕಚ್ಚಿ ಕಚ್ಚಿ ಅಂಚು ಸವೆಸಿದ್ದು.
ಇನ್ನೂರು ಕೊಡಹೋದೆ, ಕೈ ತಳ್ಳಿದರು.
"ಖಾಲಿ ಮಾತ್ರ ತೂಗಬೇಡ" ಅಂದರು, ಅಷ್ಟೇ.

ಆಟೋದ ದುಡ್ಡು ಉಳಿಸಲು
ಮೊಪೆಡ್ಡಿನ ಹಿಂದೆ ಹಗ್ಗ ಬಿಗಿದು ಹೊರಟೆ.
ತುಂಗೆಯ ಸೇತುವೆ ನಡುವಿಗೆ ಬಂದಾಗ ಗಾಳಿ.
ಬೆನ್ನ ಹಿಂದೆ ತೊಟ್ಟಿಲು ಕಿರ್‍ರೆಂದು
ತನ್ನಷ್ಟಕ್ಕೆ ತೂಗತೊಡಗಿತು.
ಗಾಡಿ ನಿಲ್ಲಿಸಿದೆ. ಹಿಂದಿನ ಲಾರಿಯವನು ಬೈದ.
ಊಟದ ಡಬ್ಬಿ ತೆಗೆದು ಒಳಗಿಟ್ಟೆ,
ಅದರ ಮೇಲೆ ಕರ್ಚೀಫು ಹೊದಿಸಿ
ಮತ್ತೆ ಹೊರಟೆ.

ಪಟ್ಟಿಯಲ್ಲಿ ಬರೆಯದ್ದು ಒಂದಿತ್ತು.
ಹೋದ ವರ್ಷದ ಹಿಂದಿನ ವರ್ಷ,
ನೆಹರೂ ರಸ್ತೆಯ ಗಾಜಿನಂಗಡಿಯಲ್ಲಿ
ಚೌಕಾಸಿಯೇ ಮಾಡದೆ ಕೊಂಡಿದ್ದು.
ಹಳದಿ ಜಬಲ, ಎದೆಯ ಮೇಲೆ ಬಾತುಕೋಳಿ.
"ಹೆರಿಗೆಗೆ ಮುಂಚೆ ತರಬೇಡ್ರೋ" ಅಂದಿದ್ದಳು ಅಮ್ಮ.
ಆಮೇಲೆ ಅವಳೂ ಆ ಮಾತೆತ್ತಲಿಲ್ಲ.
ಸೂಟ್‌ಕೇಸಿನ ತಳದಲ್ಲಿತ್ತು,
ದರದ ಚೀಟಿ ಸಮೇತ.

ಭಾನುವಾರ ಎದ್ದಾಗ ಬಚ್ಚಲಲ್ಲಿ ಬಕೆಟ್ಟಿನ ಸದ್ದು.
ಚೀಟಿಯನ್ನು ಹಲ್ಲಿನಿಂದ ಕಚ್ಚಿ ತೆಗೆದಿದ್ದಳು.
ಅಂಟುವಾಳದ ನೊರೆಯಲ್ಲಿ ಬಾತುಕೋಳಿ.
ಒಗೆದಳು, ಒಣಗಿಸಿದಳು, ಇಳಿಸಿ ಮತ್ತೆ ಒಗೆದಳು.
ಮೂರನೇ ಸಲಕ್ಕೆ ಬಾಗಿಲಲ್ಲಿ ನಿಂತು ನೋಡಿದೆ.
"ಮೊದಲು ಹಾಕೋದು ಹಳೇ ಬಟ್ಟೆಯೇ ಆಗಬೇಕಂತೆ,"
ತಲೆಯೆತ್ತದೆ ಹೇಳಿದಳು,
"ಹಳೇದು ಮಾಡ್ತಿದೀನಿ."

ತಂತಿಯ ಮೇಲೆ ಹದಿನಾರು ಬಿಳಿ, ಒಂದು ಹಳದಿ.
ನಾನು ಪತ್ರಿಕೆ ತಿರುಗಿಸಿ ಬರೆದೆ:
ಜಬಲ ಒಂದು, ಸೊನ್ನೆ ರೂಪಾಯಿ.
ಒದ್ದೆ ಬೆರಳಿಂದ ಆ ಸೊನ್ನೆ ಅಳಿಸಿದಳು.
"ಆರುನೂರ ನಲವತ್ತೊಂಬತ್ತು. ಅದನ್ನೇ ಬರೀರಿ.
ಪುಕ್ಕಟೆ ಬಂದದ್ದಲ್ಲ ಅದು."

ಬರೆದೆ. ಶಾಯಿ ಕದಡಿತು.
ಮೊತ್ತ ಮಾತ್ರ ಕೂಡಿಸಲಿಲ್ಲ.
ರಬ್ಬರ್ ಶೀಟು ಇನ್ನೂ ಆಗಬೇಕು;
ದುರ್ಗಿಗುಡಿಯಲ್ಲಿ ಮೀಟರಿಗೆ ಹತ್ತು ಕಡಿಮೆಯಂತೆ,
ಸೋಮವಾರ ಸಂಬಳ.