ಐದನೇ ಬುಟ್ಟಿ

ಒಲೆಯ ಹೊಟ್ಟೆಗೆ ಮೊಳೆ ಹೊಡೆದ ಹಿತ್ತಾಳೆ ತಗಡು.
ಬೂದಿ ಒರೆಸಿದರೆ ಅಕ್ಷರ ಏಳುತ್ತವೆ:
ಗಂಟೆಗೆ ನಾಲ್ಕು ಲಕ್ಷ ಬಿ.ಟಿ.ಯು.
ತಯಾರಾದ ಊರಿನ ಹೆಸರು ಸವೆದು ಹೋಗಿದೆ.
ಅಲ್ಲಿ ಯಾರೋ ಒಂದು ಪೌಂಡು ನೀರು ತೂಗಿ
ಒಂದು ಫ್ಯಾರನ್‌ಹೀಟ್ ಏರುವ ತನಕ
ಕಣ್ಣು ಮಿಟುಕಿಸದೆ ಕಾದಿದ್ದರಂತೆ.

ಸರ್ಕಾರದ ಫಾರಂಗೆ ಪೌಂಡು ಗೊತ್ತಿಲ್ಲ.
ಕಾಲಂ ಏಳು: ಕಿಲೋ ಕ್ಯಾಲೊರಿಯಲ್ಲಿ ಬರೆಯಿರಿ.
ಕಾಲಂ ಎಂಟು: ಕಿಲೋ ಜೂಲ್‌ನಲ್ಲಿ.
ಒಂಬತ್ತು: ಕರೆಂಟಿನ ಯೂನಿಟ್ಟಿನಲ್ಲಿ.
ಒಂದೇ ಬಿಸಿಗೆ ಮೂರು ಅಳತೆಯ ಅಂಗಿ ಹೊಲಿಯುವ ಕೆಲಸ
ಚಿಕ್ಕಮಗಳೂರಿನ ಕಡೂರು ರಸ್ತೆಯ ಕ್ಯೂರಿಂಗಿನಲ್ಲಿ
ಲೆಕ್ಕ ಬರೆಯುವ ನನ್ನ ಪಾಲಿಗೆ ಬಂತು.

ಸೊನ್ನೆ ಬಿಂದು ಎರಡು ಐದು ಎರಡು.
ಗುಣಿಸಬೇಕೋ, ಭಾಗಿಸಬೇಕೋ?
ಎಂಟನೇ ಕ್ಲಾಸಿನಿಂದಲೂ ಈ ಕವಲಿನಲ್ಲಿ
ನಾನು ತಪ್ಪು ಬಸ್ಸು ಹತ್ತುವವಳೇ.
ಭಾಗಿಸಿದೆ.
ಹದಿನೈದು ಲಕ್ಷ ಎಂಬತ್ತೇಳು ಸಾವಿರ.
ಆಫೀಸಿನಿಂದ ಫೋನು: "ಏನಮ್ಮ, ನಿಮ್ಮದು
ಕಾಫಿ ಒಣಗಿಸುವ ಒಲೆಯೋ
ಭದ್ರಾವತಿಯ ಕುಲುಮೆಯೋ?"

ಒಲೆಯ ಬಾಯಿಗೇ ಹೋದೆ.
ಬುಡನ್ ಸಾಬರು ಹೊಟ್ಟು ಸುರಿದು ಕೈ ಕೊಡವಿಕೊಂಡು
"ಚಿಲ್ಲರೆ ಮಾಡೋದು ತಾನೆ?" ಅಂದರು.
"ನೋಟು ಮುರಿಸಿದ್ರೆ ಎಣಿಕೆ ಜಾಸ್ತಿ.
ಚಿಲ್ಲರೆ ಕೊಟ್ಟು ನೋಟು ತಗಂಡ್ರೆ ಕಮ್ಮಿ.
ನಿಮ್ಮ ಇಂಗ್ಲಿಷ್ ಬಿಸಿ ನೋಟೋ, ಚಿಲ್ಲರೆನೋ?"
ಚಿಲ್ಲರೆ. ನಾಲ್ಕು ಕೂಡಿದರೆ ಒಂದು ಕಿಲೋ ಕ್ಯಾಲೊರಿ.
ಹಾಗಾದರೆ ಒಂದು ಲಕ್ಷದ ಎಂಟುನೂರು.
ಅಷ್ಟೇ. ನಾಚಿಕೆಯಾಯಿತು.

ಅವರ ಬುಟ್ಟಿ ತೂಗಿಸಿದೆವು. ಆರು ಕಿಲೋ ಕಾಫಿ ಹೊಟ್ಟು,
ಕಿಲೋಗೆ ನಾಲ್ಕು ಸಾವಿರ.
ಜೂಲಿಗೆ ತಿರುಗಿಸಿದರೆ ಬುಟ್ಟಿಗೆ ಒಂದು ಲಕ್ಷ!
"ದಿನಾ ನಲವತ್ತು ಸುರೀತೀನಿ ಮೇಡಮ್ಮೋರೆ,
ನಲವತ್ತು ಲಕ್ಷ. ನಮ್ಮ ಮನೇಲಿ ಹೇಳಬ್ಯಾಡಿ."
ಕರೆಂಟಿಗೆ ತಿರುಗಿಸಿದರೆ ಇಪ್ಪತ್ತೆಂಟೇ ಯೂನಿಟ್.
ಅದೇ ಬುಟ್ಟಿ.
ಅವರ ಮುಖ ಸ್ವಲ್ಪ ಇಳಿಯಿತು.

ನಲವತ್ತು ಅಂದರೆ ಗಂಟೆಗೆ ಐದು.
ತಗಡಿನ ಪ್ರಕಾರ ನಾಲ್ಕು, ಚೂರು ಹೆಚ್ಚು ಅಷ್ಟೆ.
ಐದನೇದು ಎಲ್ಲಿ ಹೋಗುತ್ತದೆ?
ಗಡ್ಡವೆತ್ತಿ ಚಿಮಣಿ ತೋರಿಸಿದರು.
ಆಮೇಲೆ ಅರೆ ಮನಸ್ಸಿನಿಂದ, ಗೋಡೆಯ ಕಟ್ಟೆ.

ಕಟ್ಟೆಯ ಮೇಲೆ ಸಾಲಾಗಿ ಮೂವತ್ತು ಡಬ್ಬಿ.
ಕಾಳು ಆರಿಸುವವರದು. ಮುಚ್ಚಳದ ಮೇಲೆ ಮೊಳೆಯಲ್ಲಿ ಗೀಚಿದ
ಸಾಕಮ್ಮ, ಜರೀನಾ, ಫಿಲೋಮಿನಾ, ಇನ್ನೊಬ್ಬ ಸಾಕಮ್ಮ.
ಡಿಸೆಂಬರಿನ ಚಳಿಗೆ ಬೆಳಗ್ಗೆ ಕಲ್ಲಾಗಿದ್ದ ಮುದ್ದೆ
ಹನ್ನೆರಡೂವರೆಗೆ ಸೆರಗಿಲ್ಲದೆ ಮುಟ್ಟಲಾಗದು.
ಕೊನೆಯ ನೀಲಿ ಡಬ್ಬಿ ನನ್ನದೇ.
ಮೂರು ವರ್ಷದಿಂದ ಇಟ್ಟಿದ್ದೇನೆ,
ಯಾವ ಬುಟ್ಟಿಯದು ಅಂತ ಕೇಳಿರಲಿಲ್ಲ.

ಕಾಲಂ ಹನ್ನೊಂದು: ನಷ್ಟ.
ಗಂಟೆಗೆ ಒಂದು ಲಕ್ಷ ಕಿಲೋ ಜೂಲ್ ಅಂತ ಬರೆದೆ.
ಹನ್ನೆರಡು: ತಡೆಯುವ ಕ್ರಮ.
ಗೋಡೆಗೆ ಶಾಖ ತಡೆಯುವ ಹೊದಿಕೆ, ಬರುವ ತಿಂಗಳು.

ಬುಡನ್ ಸಾಬರು ಫಾರಮ್ಮನ್ನು ತಲೆಕೆಳಗಾಗಿಯೇ ನೋಡಿ
"ಕಟ್ಟೆ ಒಂದು ಬಿಟ್ಟು ಹೊದಿಸಿ ಅಂತ ಹಾಕಿ" ಅಂದರು.
ಅದಕ್ಕೆ ಕಾಲಂ ಇರಲಿಲ್ಲ.
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ:
ಬಿಡಬೇಕಾದ ಜಾಗ,
ಮೂವತ್ತೊಂದು ಡಬ್ಬಿ ಉದ್ದ.