ಬಿದ್ದರೆ ಕೆಂಪು

ಕುಂಸಿ ಸ್ಟೇಷನ್ನಿನ ಕ್ಯಾಬಿನ್ನಿನಲ್ಲಿ ಹನ್ನೆರಡು ಲಿವರು:
ಕೆಂಪು ಸಿಗ್ನಲ್ಲಿಗೆ, ಕಪ್ಪು ಪಾಯಿಂಟಿಗೆ, ನೀಲಿ ಬೀಗಕ್ಕೆ.
ಬಿಳಿಯವೆರಡು ಯಾವುದಕ್ಕೂ ಇಲ್ಲ,
ಟವಲು ಒಣಹಾಕಲಿಕ್ಕೆ, ಅನ್ನುತ್ತಿದ್ದರು ಹುಚ್ಚರಾಯಪ್ಪ.

ನಾನು ಆಗ ಹೊಸ ಮೇಂಟೇನರು,
ಡಿಪ್ಲೊಮಾದ ಇಸ್ತ್ರಿ ಇನ್ನೂ ಮಾಸಿರಲಿಲ್ಲ.
ಏಳನೆಯದನ್ನು ಎಳೆಯಲು ಹೋಗಿ
ಎರಡೂ ಕಾಲು ನೆಲ ಬಿಟ್ಟು ತೂಗಿದೆ.
"ತೋಳಲ್ಲಿ ಎಳೀಬೇಡಮ್ಮ, ಸೊಂಟದಲ್ಲಿ ಕೂತ್ಕೋ.
ಬಾವಿ ಹಗ್ಗ ಅಲ್ಲ ಇದು,
ಹಟ ಹಿಡಿದ ಎಮ್ಮೆ."

ಅಂಗೈಯಲ್ಲಿ ಎಣ್ಣೆಬಟ್ಟೆ, ಬರಿಗೈ ಬೆವರಿಗೆ ಹಿಡಿಕೆ ತುಕ್ಕಾಗುತ್ತದೆ.
ಹೊರಗೆ ಆರುನೂರು ಮೀಟರು ತಂತಿ, ರಾಟೆಯಿಂದ ರಾಟೆಗೆ,
ಬೆಳಗಿನ ಇಬ್ಬನಿಗೆ ಬಿಗಿದುಕೊಂಡು
ಮಧ್ಯಾಹ್ನಕ್ಕೆ ಜೋಲುಬಿದ್ದು.
ಹೊತ್ತು ನೋಡಿ ತಿರುಪು ತಿರುಗಿಸಬೇಕು,
"ಹುಡುಗರ ಚಡ್ಡಿ ಲಾಡಿ ಇದ್ದಂಗೆ."

ಪಾಯಿಂಟಿನ ಬಾಯಿಗೆ ಜಲ್ಲಿ ಸಿಕ್ಕರೆ
ಇನ್ನೂರು ಮೀಟರು ಆಚೆಯಿಂದ
ಅವರ ಮಣಿಕಟ್ಟಿಗೆ ಸುದ್ದಿ.
ಆದರೆ ಬಲಗೈಯಲ್ಲಿ ಬೆರಳು ನಾಲ್ಕೇ.
ಐದನೆಯದನ್ನು ಕೇಳಿದರೆ
ಕೊಂಡಿಯ ಕಡೆ ನೋಡುತ್ತಿದ್ದರು, ಅಷ್ಟೆ.
ಅದಕ್ಕೇ ಹಳೆಯದು ಚೆಂದವಿತ್ತು ಅಂತ ನಾನು ಹೇಳಲಾರೆ.
ಆಷಾಢದ ಗಾಳಿಯಲ್ಲಿ ಸೀಮೆಎಣ್ಣೆ ದೀಪ ಕಚ್ಚಿಕೊಂಡು
ಸಿಗ್ನಲ್ ಕಂಬ ಹತ್ತಿದವರೂ ಹೇಳುವುದಿಲ್ಲ.

ಆಮೇಲೆ ಮೋಟಾರು ಬಂತು, ಕೇಬಲ್ಲು ಬಂತು,
ಬೆರಳ ತುದಿಯ ಗುಂಡಿ ಬಂತು.
ಡಬ್ಬಿಯೊಳಗೆ ಇರುವೆ ಗೂಡು ಕಟ್ಟಿದವು,
ಎರಡು ಟರ್ಮಿನಲ್ಲಿನ ನಡುವೆ ಮಲಗಿದ ಹಲ್ಲಿಯೊಂದು
ತಾಳಗುಪ್ಪದ ಗಾಡಿಯನ್ನು ನಲವತ್ತು ನಿಮಿಷ ನಿಲ್ಲಿಸಿ
ತಾನೂ ಕರಕಲಾಯಿತು.

ಹುಚ್ಚರಾಯಪ್ಪ ಪ್ಯಾನೆಲ್ಲಿನ ಮುಂದೆ ಕೈಕಟ್ಟಿ ನಿಂತರು.
"ಇದರಲ್ಲಿ ಕೈಗೆ ಹೆಂಗೆ ಗೊತ್ತಾಗುತ್ತೆ?"
ನಾನು ಮೀಟರಿನ ಮುಳ್ಳು ತೋರಿಸಿದೆ.
ಬೇಕೆಂದೇ ಮರದ ಚಕ್ಕೆ ಸಿಕ್ಕಿಸಿ ಗುಂಡಿ ಒತ್ತಿಸಿದೆ:
ಮುಳ್ಳು ಮೂರು ದಾಟಿ ಐದಕ್ಕೆ ಜಿಗಿದು ನಡುಗಿತು.
ತುಂಬ ಹೊತ್ತು ನೋಡಿದರು.
"ಓ. ಇದೂ ಏದುತ್ತೆ."

ರಿಲೇ ಕೋಣೆಯಲ್ಲಿ ಇನ್ನೊಂದು ಪ್ರಶ್ನೆ.
ಕರೆಂಟಿದ್ದರೆ ಎತ್ತಿಕೊಂಡಿರುತ್ತೆ, ಅಂದೆ,
ಹೋದರೆ ಬೀಳುತ್ತೆ. ಬಿದ್ದರೆ ಕೆಂಪು.
"ಸ್ಪ್ರಿಂಗು ಎಳೆಯುತ್ತಾ?"
ಇಲ್ಲ, ಸ್ಪ್ರಿಂಗನ್ನು ನಂಬುವ ಹಾಗಿಲ್ಲ.
ತನ್ನ ತೂಕಕ್ಕೆ ತಾನೇ ಬೀಳುತ್ತೆ.
"ನಮ್ಮ ಕಂಬದಲ್ಲೂ ಹಂಗೇ ಕಣಮ್ಮ.
ತಂತಿ ಹರಿದರೆ ಗುಂಡು ಇಳಿಯುತ್ತೆ,
ಗುಂಡು ಇಳಿದರೆ ಕೈ ಅಡ್ಡ ಬರುತ್ತೆ: ನಿಲ್ಲು.
ಭೂಮಿತಾಯಿ ಒಬ್ಬಳು ರಜ ಹಾಕಲ್ಲ ನೋಡು."

ಲಿವರುಗಳನ್ನು ಗ್ಯಾಸಿನಲ್ಲಿ ಕುಯ್ದು ಲಾರಿಗೆ ಹಾಕಿದ ದಿನ
ಅವರು ನಂಬರು ಬಿಲ್ಲೆಯನ್ನೇನೂ ಕೇಳಲಿಲ್ಲ,
ಟವಲು ಮಾತ್ರ ತೆಗೆದುಕೊಂಡರು.

ಮೊನ್ನೆ ಸಿಡಿಲಿಗೆ ಪ್ಯಾನೆಲ್ಲು ಮಂಕಾಗಿ,
ಬೀಗದ ಪೆಟ್ಟಿಗೆಯಿಂದ ಕ್ರ್ಯಾಂಕು ತೆಗೆದು
ಕತ್ತಲಲ್ಲಿ ಪಾಯಿಂಟು ತಿರುಗಿಸುತ್ತಿದ್ದೆ.
ಟಾರ್ಚು ಹಿಡಿದ ಹೊಸ ಹುಡುಗ ಇಮ್ತಿಯಾಜ್
ಸುತ್ತು ಎಣಿಸುತ್ತಿದ್ದ.
ಎಲ್ಲೋ ನಡುವೆ ಎಣಿಕೆ ತಪ್ಪಿತು,
ಯಾಕೆಂದರೆ ನಾನು ನಿಲ್ಲಿಸಿದ್ದೆ.
ಮಣಿಕಟ್ಟಿಗೆ ಸುದ್ದಿ ಬಂದಿತ್ತು.
ಹಳಿಗೆ ಮೊಣಕಾಲೂರಿ ಕೈಹಾಕಿದರೆ
ಹುಣಸೆಬೀಜದಷ್ಟು ಜಲ್ಲಿ, ಇನ್ನೂ ಬೆಚ್ಚಗೆ.

ಹುಡುಗ ಕೇಳಿದ, "ಹೇಗೆ ಗೊತ್ತಾಯ್ತು ಮೇಡಂ?"
ಏದುತ್ತಿತ್ತು, ಅಂದೆ.
ಅವನಿಗೆ ಅರ್ಥವಾಗಲಿಲ್ಲ.
ರಿಜಿಸ್ಟರಿನಲ್ಲಿ ಬರೆದೆವು:
ಕಾರಣ, ಸಿಡಿಲು ಮತ್ತು ಒಂದು ಕಲ್ಲು.
ಸಮಯ ಎರಡು ಹದಿನೇಳು.
ಸಹಿ.