ಹಾಲಿ ವಿಳಾಸ

ಝುವಾರಿನಗರದ ದವಾಖಾನೆಯಲ್ಲಿ ನನ್ನ ಕೆಲಸ
ಕನ್ನಡವನ್ನು ಕೊಂಕಣಿ ಮಾಡುವುದು,
ಕೊಂಕಣಿಯನ್ನು ಮತ್ತೆ ಕನ್ನಡ ಮಾಡುವುದು,
ನಡುವೆ ಉಳಿದದ್ದನ್ನು ರಿಜಿಸ್ಟರಿಗೆ ಇಳಿಸುವುದು.

ಹೆಸರು. ವಯಸ್ಸು. ಎಷ್ಟು ವಾರ.
ಖಾಯಂ ವಿಳಾಸ. ಹಾಲಿ ವಿಳಾಸ.
ಕೊನೆಗೆ, ಎರಡು ಬೆರಳಗಲದ ಜಾಗದಲ್ಲಿ, ಕಾರಣ.

ಕಾರಣಕ್ಕೆ ಐದು ಅಂಕಿ ಕೊಟ್ಟಿದ್ದಾರೆ.
ಹುಲಿಗೆವ್ವ ಹೇಳಿದ್ದು ಯಾವ ಅಂಕಿಗೂ ಹಿಡಿಸಲಿಲ್ಲ:
"ಅಕ್ಕಾರ, ಹತ್ತ ಬೈ ಹತ್ತ ಖೋಲಿ, ಮಂದಿ ಏಳು.
ಹೊಟ್ಟಿ ಮುಂದ ಬಂದ್ರ ಮುಕಾದಮ ಬುಟ್ಟಿ ಕೊಡಂಗಿಲ್ಲ.
ಬುಟ್ಟಿ ಇಲ್ಲಂದ್ರ ಪಗಾರ ಇಲ್ಲ, ಪಗಾರ ಇಲ್ಲಂದ್ರ
ಊರಾಗ ಅತ್ತಿ ಕಡೆ ಬಿಟ್ಟ ಎರಡಕ್ಕೂ ರೊಕ್ಕ ಹೋಗಂಗಿಲ್ಲ.
ಮೂರನೇದು ಬ್ಯಾಡಂತ ಅಲ್ರೀ,
ಇದ್ದ ಎರಡು ಬೇಕಂತ."

ಏನಂತೆ? ಸಿಸ್ಟರ್ ಪಿಯೆದಾದ್ ಕೇಳಿದಳು.
ಎರಡು ಶಬ್ದದಲ್ಲಿ ಹೇಳಿದೆ.
ಮೂರು ಅಂತ ಬರಿ, ಅಂದಳು.
ಮೂರು ಅಂದರೆ ಗರ್ಭನಿರೋಧಕದ ವೈಫಲ್ಯ.
ವೈಫಲ್ಯ ನಿಜ. ಯಾರದು ಎಂಬ ಕಾಲಮ್ಮು ಇಲ್ಲ.

ಮಳೆಗೆ ಸೈಟು ನಿಂತಾಗ ಇವರು ಊರಿಗೆ ಹೋಗುತ್ತಾರೆ,
ಕುಷ್ಟಗಿ, ಹುನಗುಂದ, ರೋಣ, ಬಾದಾಮಿ.
ಗಣಪತಿ ಮುಳುಗಿದ ಮೇಲೆ ಮರಳುತ್ತಾರೆ.
ದಸರೆ ಕಳೆದ ವಾರ ನನ್ನ ಬೆಂಚು ತುಂಬುತ್ತದೆ.
ಹಾಗಾಗಿ ಅಕ್ಟೋಬರಿನ ಗೆರೆ ನೆಟ್ಟಗೆ ಮೇಲೆದ್ದು
ಕ್ರಿಸ್‌ಮಸ್ಸಿನ ಹೊತ್ತಿಗೆ ಮತ್ತೆ ಮಲಗುತ್ತದೆ.

ಪಣಜಿಯ ಸಭೆಯಲ್ಲಿ ಆ ಗೆರೆಯನ್ನು ಗೋಡೆಯ ಮೇಲೆ ಬಿಟ್ಟರು.
ಪಕ್ಕದಲ್ಲಿ ನಕ್ಷೆ. ಮುರಗಾಂವ್ ತಾಲೂಕು ಕೆಂಪು,
ಬಾಕಿಯೆಲ್ಲ ಗೇರುಹಣ್ಣಿನ ತಿಳಿಹಳದಿ.
ಸಾಹೇಬರು ಕೆಂಪಿಗೆ ಕೋಲು ಮುಟ್ಟಿಸಿ ಅಂದರು:
ಇವರು ನಮ್ಮವರಲ್ಲ, ಘಾಟಿಗಳು.
ಇವರನ್ನು ತೆಗೆದರೆ ನಮ್ಮ ದರ ಇಳಿಯುತ್ತದೆ.
ಘಟ್ಟದ ಮೇಲೂ ಇಂಥದೇ ಒಂದು ಸಭೆ, ಒಂದು ಗೋಡೆ ಇರಬೇಕು.
ಅಲ್ಲೊಬ್ಬ ಸಾಹೇಬರು ಅನ್ನುತ್ತಿರಬೇಕು:
ಹೊರಗೆ ಆದದ್ದು, ನಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಚಹಾ ಬಂತು. ಬಿಸ್ಕತ್ತು ಮೆತ್ತಗಾಗಿತ್ತು.

ನನಗೆ ಹೇಳಬೇಕೆನಿಸಿದ್ದು ಅನ್‌ಮೋಡ್ ಘಾಟಿಯ ಒಂದು ತಿರುವು.
ಇಳಕಲ್ಲಿನ ಬಸ್ಸು ಇಳಿಯುತ್ತಿತ್ತು,
ಚೀಲ, ಸಲಿಕೆ, ರೊಟ್ಟಿಗಂಟು, ವಾಂತಿ ಮಾಡುವ ಕೂಸು.
ಎದುರಿಗೆ ಗಾಜು ಏರಿಸಿದ ಕಾರು ಹತ್ತುತ್ತಿತ್ತು.
ಪಿಯೆದಾದಳ ಅಣ್ಣನ ಮಗಳು ಹೋದದ್ದು ಅಂಥದರಲ್ಲೇ,
ಮಡಗಾಂವಿನಿಂದ ಬೆಳಗಾವಿಗೆ, ಹಲ್ಲು ತೋರಿಸಲು.
ಹಲ್ಲು ತೋರಿಸಿಕೊಂಡು ಸಂಜೆಗೇ ವಾಪಸು,
ರವಿವಾರ ಚರ್ಚಿನಲ್ಲಿ ಎರಡನೇ ಸಾಲಿನಲ್ಲಿ ಕೂತಿದ್ದಳಂತೆ.
ಗಾಡಿಗಳು ಒಂದಕ್ಕೊಂದು ದಾರಿ ಬಿಟ್ಟುಕೊಟ್ಟವು.
ನಕ್ಷೆಗೆ ಬಣ್ಣ ಬಿದ್ದದ್ದು ಅಲ್ಲಿ.

ಹೇಳಲಿಲ್ಲ. ನೌಕರಿ ಹನ್ನೊಂದು ತಿಂಗಳ ಕಾಂಟ್ರಾಕ್ಟಿನದು.
ಹೇಳಿದ್ದರೆ ನನ್ನದನ್ನೂ ಹೇಳಬೇಕಾಗುತ್ತಿತ್ತು:
ಬಾಯ್ನಾದ ಮೆಡಿಕಲ್ಲು, ಪೇಪರಿನಲ್ಲಿ ಸುತ್ತಿದ ಗುಳಿಗೆ,
ಹೊಟ್ಟೆನೋವೆಂದು ಮೂರು ದಿನ ರಜೆ.
ಆ ವರ್ಷ ಅವ್ವನಿಗೆ ವಾರಕ್ಕೆರಡು ಡಯಾಲಿಸಿಸ್,
ನನ್ನ ಮದುವೆ ಇನ್ನೂ ಬರೀ ಮಾತು.
ಅಳಲಿಲ್ಲ. ಪಶ್ಚಾತ್ತಾಪವೂ ಇಲ್ಲ.
ಒಮ್ಮೊಮ್ಮೆ ತಿಂಗಳ ಮೊತ್ತ ಕೂಡಿಸುವಾಗ ಮಾತ್ರ
ಒಂದು ಹೆಚ್ಚಿಗೆ ಬರುತ್ತದೆ,
ಮತ್ತೆ ಮೊದಲಿನಿಂದ ಎಣಿಸುತ್ತೇನೆ.

ಹುಲಿಗೆವ್ವ ಮಧ್ಯಾಹ್ನ ಎರಡಕ್ಕೆ ಎದ್ದು ಕೂತಳು.
ಗಂಡ ಗೇಟಿನಾಚೆ ನಿಂತಿದ್ದ, ಶೇಂಗಾ ಪೊಟ್ಟಣ ಹಿಡಿದು,
ಹೆಂಗಸರ ವಾರ್ಡಿಗೆ ಕಾಲಿಡಲು ಅಂಜಿ.
ಹಾಲಿ ವಿಳಾಸ ಖಾಲಿ ಬಿಟ್ಟಿದ್ದೆ, ಕೇಳಿದೆ.
"ಮುಂದಿನ ತಿಂಗಳ ಖೋಲಿ ಬಿಡಸ್ತಾನಂತ್ರೀ,
ಇದನ್ನ ಬರೀತೀರೋ, ಆಮೇಲಿಂದು ಬರೀತೀರೋ?"
ಆಮೇಲೆ ತಾನೇ ಕೇಳಿದಳು:
"ನಾಳೆ ಸ್ಲ್ಯಾಬ್ ಐತಿ. ಹೋಗಬಹುದಿಲ್ರೀ?"
ಎರಡು ದಿನ ಬೇಡ, ಅಂದೆ.
"ಎರಡು ದಿನದ್ದು ನೀವ ಕೊಡ್ತೀರೇನು?"
ನಕ್ಕಳು. ನಿಜಕ್ಕೂ ಚೇಷ್ಟೆಗೇ ಕೇಳಿದ್ದು.

ಹೆಬ್ಬೆಟ್ಟಿನ ಮಸಿಯನ್ನು ಬಾಗಿಲ ಪಕ್ಕದ ಗೋಡೆಗೆ ಒರೆಸಿ ಹೋದಳು.
ಅಲ್ಲಿ ಆಗಲೇ ಎಷ್ಟೋ ನೀಲಿ, ಒಂದರ ಮೇಲೊಂದು,
ಊರಿಲ್ಲದ್ದು, ತಾಲೂಕಿಲ್ಲದ್ದು.
ಇನ್‌ಸ್ಪೆಕ್ಷನ್ನಿಗೆ ಮುಂಚೆ ಪ್ರತಿ ವರ್ಷ ಸುಣ್ಣ ಹೊಡೆಸುತ್ತಾರೆ.
ಹೊಡೆಯಲು ಬರುವವರೂ ಕುಷ್ಟಗಿ ಕಡೆಯವರೇ.